ಸರ್ಜನ್ ಲೇತ್ ಅಂಗಡಿಯಲ್ಲಿ ಮಾಡಿಸಿದ ಉಪಕರಣ

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸರ್ಜನ್. ನಮ್ಮಲ್ಲಿ ಹರ್ನಿಯಾ ಶಸ್ತ್ರಕ್ರಿಯೆಗಳೇ ಹೆಚ್ಚು. ಕೈಜೋಡಿಸಲು ಅಸಿಸ್ಟೆಂಟ್ ಸಿಗುವುದು ಅಪರೂಪ. ಹಾಗಾಗಿ ಊರಿನ ಲೇತ್ ಅಂಗಡಿಯಲ್ಲಿ, ಗಾಯವನ್ನು ತಾನೇ ಅಗಲಿಸಿ ಹಿಡಿದುಕೊಳ್ಳುವ ಒಂದು ರಿಟ್ರ್ಯಾಕ್ಟರ್ ಮಾಡಿಸಿದ್ದೇನೆ. ಕೆಲವು ರೋಗಿಗಳಲ್ಲಿ ಬಳಸಿದ್ದೇನೆ, ಚೆನ್ನಾಗಿದೆ. ಹರ್ನಿಯಾಗೆ ಒಳಗೆ ಹಾಕುವ ದುಬಾರಿ ಮೆಶ್‌ಗೆ (ಜಾಲರಿಗೆ) ಬದಲಾಗಿ ಸೊಳ್ಳೆಪರದೆಯ ಬಟ್ಟೆ ಬಳಸಬಹುದು ಎಂದೂ ಓದಿದ್ದೇನೆ. ಅದನ್ನೂ ಶುರು ಮಾಡುವ ಆಸೆಯಿದೆ. ಹಿರಿಯ ಸಹೋದ್ಯೋಗಿಯೊಬ್ಬರು ‘ಬಂದ ಕೇಸು ನೋಡಿ ಸಾಕು, ವಿಜ್ಞಾನಿಯಾಗಲು ಹೋಗಬೇಡಿ’ ಎಂದು ನಕ್ಕರು. ನಾನು ಮಾಡುತ್ತಿರುವುದು ತಪ್ಪೇ? ಪೇಟೆಂಟ್ ಸಿಗುತ್ತದೆಯೇ? ಮುಂದೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಸಂಗತಿಗಳಿವೆ. ಒಂದೇ ಉಸಿರಿನಲ್ಲಿ ಬರೆದಿದ್ದೀರಿ; ನಾನು ಬೇರ್ಪಡಿಸುತ್ತೇನೆ. ರಿಟ್ರ್ಯಾಕ್ಟರ್ ಶಸ್ತ್ರಕ್ರಿಯೆ ಮುಗಿದ ಕೂಡಲೇ ಟ್ರೇಗೆ ಮರಳುತ್ತದೆ. ಅದರಲ್ಲಿ ದೋಷವಿದ್ದರೆ ಬಹುಮಟ್ಟಿಗೆ ಅಲ್ಲೇ ಗೊತ್ತಾಗುತ್ತದೆ, ತೆಗೆದಿಟ್ಟು ಹಳೆಯದನ್ನು ಕೈಗೆತ್ತಿಕೊಳ್ಳಬಹುದು. ಬಟ್ಟೆ ಹಾಗಲ್ಲ. ಅದು ರೋಗಿಯೊಂದಿಗೆ ಮನೆಗೆ ಹೋಗುತ್ತದೆ, ಅವನು ಮೂಟೆ ಹೊರುವಾಗಲೂ ಕೆಮ್ಮುವಾಗಲೂ ತೊಡೆಸಂದಿನಲ್ಲೇ ಇರುತ್ತದೆ, ನಿಮಗೆ ಬೇರೆ ಊರಿಗೆ ವರ್ಗವಾದ ಮೇಲೂ ಇರುತ್ತದೆ. ಮೊದಲನೆಯದಕ್ಕೆ ನನ್ನ ಉತ್ತರ: ಮುಂದುವರಿಸಿ, ಆದರೆ ಈಗ ಮಾಡುತ್ತಿರುವ ರೀತಿಯಲ್ಲಿ ಬೇಡ. ಎರಡನೆಯದಕ್ಕೆ: ನೀವೊಬ್ಬರೇ ಶುರು ಮಾಡಬೇಡಿ.

ಹಿರಿಯರ ನಗುವನ್ನು ಮೊದಲು ಮುಗಿಸಿಬಿಡೋಣ. ಶಸ್ತ್ರಚಿಕಿತ್ಸೆಯ ಉಪಕರಣಗಳಲ್ಲಿ ದೊಡ್ಡ ಪಾಲು ಹುಟ್ಟಿದ್ದೇ ಓಟಿಯ (ಶಸ್ತ್ರಕ್ರಿಯಾ ಕೊಠಡಿಯ) ಬೆವರಿನಲ್ಲಿ. ಅಮೆರಿಕದ ಸಿನ್ಸಿನಾಟಿಯ ಥಾಮಸ್ ಫೊಗಾರ್ಟಿ ವೈದ್ಯರಾಗುವ ಮೊದಲೇ, ಹದಿಹರೆಯದಲ್ಲಿ, ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದವರು. ಕಾಲಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡವರಿಗೆ ಆಗ ನಾಳವನ್ನು ಉದ್ದಕ್ಕೆ ತೆರೆದು ಹೆಪ್ಪು ತೆಗೆಯುತ್ತಿದ್ದರು. ಎಷ್ಟೋ ಜನ ಕಾಲು ಕಳೆದುಕೊಳ್ಳುತ್ತಿದ್ದರು, ಎಷ್ಟೋ ಜನ ಜೀವವನ್ನೇ. ಫೊಗಾರ್ಟಿ ಮೂತ್ರದ ಕ್ಯಾತಿಟರ್ (ತೆಳು ಕೊಳವೆ) ಒಂದರ ತುದಿಗೆ ಓಟಿ ಗ್ಲೌಸಿನ ಬೆರಳಿನ ತುದಿಯನ್ನು ಕತ್ತರಿಸಿ ಕಟ್ಟಿದರು. ಆ ಎರಡು ವಸ್ತುಗಳನ್ನು ಅಂಟಿಸುವ ಗೋಂದು ಸಿಗಲಿಲ್ಲ. ಅವರಿಗೆ ಮೀನು ಹಿಡಿಯುವ ಹುಚ್ಚಿತ್ತು. ಗಾಳಕ್ಕೆ ಹುಸಿ ನೊಣವನ್ನು ದಾರದಲ್ಲಿ ಬಿಗಿಯುವ ಕೈಚಳಕವೇ ಇಲ್ಲಿ ಕೆಲಸಕ್ಕೆ ಬಂತು. ಕ್ಯಾತಿಟರನ್ನು ಹೆಪ್ಪಿನಾಚೆಗೆ ತೂರಿಸುವುದು, ಬಲೂನನ್ನು ಉಬ್ಬಿಸುವುದು, ಮೆಲ್ಲಗೆ ಹೊರಗೆಳೆಯುವುದು: ಇಷ್ಟೇ. 1961ರಲ್ಲಿ ಮೊದಲ ರೋಗಿಗೆ ಬಳಸಿದರು. ಕಂಪನಿಗಳು ಆಸಕ್ತಿ ತೋರಲಿಲ್ಲ. ಹೃದಯ ಕವಾಟದ ಸರ್ಜನ್ ಆಲ್ಬರ್ಟ್ ಸ್ಟಾರ್ ಮಧ್ಯೆ ಬಂದು ಎಡ್ವರ್ಡ್ಸ್ ಕಂಪನಿಯನ್ನು ಒಪ್ಪಿಸುವ ತನಕ ಫೊಗಾರ್ಟಿ ಕೈಯಲ್ಲೇ ಮಾಡಿ ಹಂಚುತ್ತಿದ್ದರು. ಸಮ್ಮೇಳನಗಳಲ್ಲಿ ಈ ಕಥೆ ಹೇಳಿದಾಗ ಗ್ಲೌಸಿನ ಬೆರಳಿಗೆ ಚಪ್ಪಾಳೆ ಬೀಳುತ್ತದೆ. ನನಗೆ ಮುಖ್ಯವೆನಿಸುವುದು ಬೇರೆ: ಏನು ಕೆಡುತ್ತಿದೆ ಎಂಬುದನ್ನು ಅವರು ಮೇಜಿನ ಪಕ್ಕದಲ್ಲಿ ನಿಂತು ವರ್ಷಗಟ್ಟಲೆ ನೋಡಿದ್ದರು.

ನಗುವವರು ಯಾವಾಗಲೂ ಇದ್ದರು. 1980ರಲ್ಲಿ ಜರ್ಮನಿಯ ಕೀಲ್ ನಗರದ ಸ್ತ್ರೀರೋಗ ತಜ್ಞ ಕುರ್ಟ್ ಸೆಮ್ ಲ್ಯಾಪರೊಸ್ಕೋಪ್ (ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುವ ಕೊಳವೆ) ಮೂಲಕ ಅಪೆಂಡಿಕ್ಸ್ ತೆಗೆದಾಗ ಅವರ ವೃತ್ತಿಯವರೇ ಗದ್ದಲ ಎಬ್ಬಿಸಿದರು. ಅವರ ದಾರಿಯಲ್ಲೇ ನಡೆದ ಎರಿಕ್ ಮ್ಯೂಹೆ 1985ರ ಸೆಪ್ಟೆಂಬರ್ 12ರಂದು ಬೋಬ್ಲಿಂಗನ್‌ನಲ್ಲಿ ಪಿತ್ತಕೋಶವನ್ನು ಹಾಗೆಯೇ ತೆಗೆದರು, ಮರುವರ್ಷ ಜರ್ಮನ್ ಸರ್ಜನ್ನರ ಸಭೆಯಲ್ಲಿ ಮಂಡಿಸಿದರು. ಸಿಕ್ಕಿದ್ದು ತಿರಸ್ಕಾರ. ಒಬ್ಬ ರೋಗಿ ತೀರಿಕೊಂಡಾಗ ಅವರ ಮೇಲೆ ಕ್ರಿಮಿನಲ್ ಮೊಕದ್ದಮೆಯೇ ಹೂಡಲಾಯಿತು; 1990ರಲ್ಲಿ ಬಿಡುಗಡೆಯಾಯಿತು. 1992ರಲ್ಲಿ ಅದೇ ಸಂಘ ಅವರಿಗೆ ಪ್ರಶಸ್ತಿ ಕೊಟ್ಟಿತು. ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಬಹುದು. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕಾಗುತ್ತದೆ. ತೊಂಬತ್ತರ ದಶಕದ ಆರಂಭದಲ್ಲಿ ಈ ಪದ್ಧತಿ ಕಾಳ್ಗಿಚ್ಚಿನಂತೆ ಹರಡಿತು. ವಾರಾಂತ್ಯದ ತರಬೇತಿ ಮುಗಿಸಿ ಬಂದವರೂ ಸೋಮವಾರ ಶಸ್ತ್ರಕ್ರಿಯೆಗೆ ಇಳಿದರು. ಪಿತ್ತನಾಳಕ್ಕೆ ಆಗುವ ಗಾಯಗಳು ಹಳೆಯ ಪದ್ಧತಿಗಿಂತ ಹೆಚ್ಚಾದವು. ನಕ್ಕವರೂ ತಪ್ಪಿದ್ದರು, ಆಮೇಲೆ ಮುಗಿಬಿದ್ದವರೂ ತಪ್ಪಿದ್ದರು. ಎರಡು ಗುಂಪಿನವರ ಬಳಿಯೂ ಲೆಕ್ಕವಿರಲಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಕಂಡ ಕೊರತೆಯೂ ಅದೇ. ‘ಕೆಲವು ರೋಗಿಗಳಲ್ಲಿ ಬಳಸಿದ್ದೇನೆ, ಚೆನ್ನಾಗಿದೆ’ ಎಂದಿದ್ದೀರಿ. ಎಷ್ಟು ರೋಗಿಗಳು? ಯಾರಿಗೆ ಬಳಸಲು ಹೋಗಿ ಕೈಬಿಟ್ಟಿರಿ? ಚೆನ್ನಾಗಿದೆ ಎಂದವರು ಯಾರು, ನೀವೋ ಸ್ಟಾಫ್ ನರ್ಸೋ ರೋಗಿಯೋ? ಒಂದು ತಿಂಗಳ ಬಳಿಕ ತೊಡೆಸಂದು ಜೋಮು ಹಿಡಿದಿದೆಯೇ ಎಂದು ಅವರನ್ನು ಕೇಳಿದ್ದೀರಾ?

ಕೊನೆಯ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. ಅಸಿಸ್ಟೆಂಟ್ ಹಿಡಿದ ರಿಟ್ರ್ಯಾಕ್ಟರ್ ಸರ್ಜನ್ನರಿಗೆ ಸಿಟ್ಟು ಬರಿಸುತ್ತದೆ, ಏಕೆಂದರೆ ಆ ಕೈ ದಣಿಯುತ್ತದೆ, ಸಡಿಲವಾಗುತ್ತದೆ. ಆ ಸಡಿಲಿನಲ್ಲೇ ಅಂಗಾಂಶಕ್ಕೆ ರಕ್ತ ಮರಳುತ್ತದೆ, ನರದ ಮೇಲಿನ ಒತ್ತಡ ಇಳಿಯುತ್ತದೆ. ಉಕ್ಕು ದಣಿಯುವುದಿಲ್ಲ. ಹೊಟ್ಟೆಯ ದೊಡ್ಡ ಶಸ್ತ್ರಕ್ರಿಯೆಗಳಲ್ಲಿ ತಾನಾಗಿ ನಿಲ್ಲುವ ರಿಟ್ರ್ಯಾಕ್ಟರಿನ ಅಲಗು ಸೊಂಟದ ಸ್ನಾಯುವನ್ನು ಒತ್ತಿ, ತೊಡೆಯ ನರ ಸೋತು, ರೋಗಿ ಮರುದಿನ ಮಂಡಿ ನೀಡಲಾರದೆ ಮಲಗಿರುವುದು ಹಳೆಯ, ಚೆನ್ನಾಗಿ ದಾಖಲಾದ ತೊಂದರೆ. ನಿಮ್ಮದು ಚಿಕ್ಕ ಗಾಯ, ನಿಜ. ಆದರೆ ಹರ್ನಿಯಾ ಮಾಡುವ ಜಾಗದಲ್ಲೇ ತೊಡೆಸಂದಿಗೆ ಸ್ಪರ್ಶ ತಿಳಿಸುವ ಇಲಿಯೊ-ಇಂಗ್ವಿನಲ್ ನರ ಹಾದು ಹೋಗುತ್ತದೆ. ಎಷ್ಟು ಹೊತ್ತಿಗೊಮ್ಮೆ ಸಡಿಲಿಸುತ್ತೀರಿ, ಹಲ್ಲುಗಳು ಎಷ್ಟು ಆಳಕ್ಕೆ ಇಳಿಯುತ್ತವೆ, ಹೆಚ್ಚೆಂದರೆ ಎಷ್ಟು ಅಗಲಕ್ಕೆ ತೆರೆಯುತ್ತದೆ ಎಂಬುದು ವಿನ್ಯಾಸದಲ್ಲೇ ನಿರ್ಧಾರವಾಗಬೇಕು.

ಇನ್ನೊಂದು ಮಾತು ನಿಮಗೆ ರುಚಿಸದಿರಬಹುದು. ತಾನಾಗಿ ನಿಲ್ಲುವ ರಿಟ್ರ್ಯಾಕ್ಟರ್ ಹೊಸದಲ್ಲ. ಕತ್ತರಿಯಂತೆ ತೆರೆದು ಹಲ್ಲುಕಟ್ಟಿನಲ್ಲಿ ನಿಲ್ಲುವ ವೈಟ್‌ಲೇನರ್ ಬಳಕೆಗೆ ಬಂದು ನೂರು ವರ್ಷ ದಾಟಿದೆ. ಬೆಂಗಳೂರು, ಹುಬ್ಬಳ್ಳಿಯ ಯಾವುದೇ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದು ಮಾಡದ ಯಾವ ಕೆಲಸವನ್ನು ನಿಮ್ಮದು ಮಾಡುತ್ತದೆ? ಒಂದು ವಾಕ್ಯದಲ್ಲಿ ಬರೆಯಿರಿ. ಬರೆಯಲು ಬಂದರೆ ನಿಮ್ಮ ಬಳಿ ಒಂದು ಆವಿಷ್ಕಾರವಿದೆ. ಬರದಿದ್ದರೆ ಅಂಗಡಿಯ ಮಾಲನ್ನು ಸ್ಥಳೀಯವಾಗಿ ಮಾಡಿಸಿಕೊಂಡಿದ್ದೀರಿ. ಅದೂ ತಪ್ಪಲ್ಲ, ಆದರೆ ಅದಕ್ಕೆ ಪೇಟೆಂಟ್ ಕನಸು ಬೇಡ. ಜೊತೆಗೆ, ತಾಲ್ಲೂಕು ಆಸ್ಪತ್ರೆಗೆ ಅಸಿಸ್ಟೆಂಟ್ ಕೊಡದೆ ಇರುವುದು ಇಲಾಖೆಯ ಕೊರತೆ. ನಿಮ್ಮ ಜಾಣತನ ಅದಕ್ಕೆ ಪರದೆಯಾಗದಂತೆ ನೋಡಿಕೊಳ್ಳಿ. ಒಬ್ಬರೇ ಮಾಡಬಲ್ಲರು ಎಂದು ಗೊತ್ತಾದರೆ ಹುದ್ದೆ ತುಂಬುವವರು ಯಾರು?

ಈಗ ಉಕ್ಕಿನ ವಿಚಾರ. ಲೇತ್ ಅಂಗಡಿಯವರು ‘ಸ್ಟೇನ್‌ಲೆಸ್’ ಎಂದು ಕೊಟ್ಟದ್ದು ಯಾವ ದರ್ಜೆ ಎಂದು ಕೇಳಿದ್ದೀರಾ? ಹೋಟೆಲ್ ಪಾತ್ರೆ, ಗೇಟಿನ ಕಂಬಿಗೆ ಬಳಸುವ ಅಗ್ಗದ ಉಕ್ಕು, ಉಪಕರಣಗಳನ್ನು ಕ್ರಿಮಿಮುಕ್ತ ಮಾಡುವ ಆಟೋಕ್ಲೇವಿನ ಉಗಿಯಲ್ಲಿ, ಉಪ್ಪುನೀರು ತಾಗಿದ ಮೇಲೆ, ಬೇಗ ಚುಕ್ಕೆ ಚುಕ್ಕೆಯಾಗಿ ತುಕ್ಕು ಹಿಡಿಯುತ್ತದೆ. 304, 316 ದರ್ಜೆಗಳು ತುಕ್ಕು ತಡೆಯುತ್ತವೆ, ಆದರೆ ಅಂಚು ನಿಲ್ಲುವಷ್ಟು ಗಡುಸಾಗುವುದಿಲ್ಲ. 420 ದರ್ಜೆಯನ್ನು ಹದಗೊಳಿಸಿದರೆ ಗಡುಸಾಗುತ್ತದೆ, ತುಕ್ಕಿಗೆ ಸ್ವಲ್ಪ ಸುಲಭವಾಗಿ ಬಲಿಯಾಗುತ್ತದೆ. ಅಲಗಿಗೆ ಒಂದು, ಹಲ್ಲುಕಟ್ಟಿಗೆ ಇನ್ನೊಂದು ಬೇಕಾಗಬಹುದು. ವೆಲ್ಡಿಂಗ್ ಮಾಡಿದ್ದರೆ ಆ ಜೋಡಣೆಯೇ ದುರ್ಬಲ ಜಾಗ: ಅಲ್ಲಿ ಸೂಕ್ಷ್ಮ ಗುಳಿಗಳು ಉಳಿದಿರುತ್ತವೆ, ರಕ್ತ ಒಣಗಿ ಕೂರುತ್ತದೆ, ಬ್ರಶ್ ತಲುಪುವುದಿಲ್ಲ. ತೊಳೆದು ಸ್ವಚ್ಛವಾಗದ ಉಪಕರಣವನ್ನು ಆಟೋಕ್ಲೇವ್ ಕೂಡ ಕಾಪಾಡದು. ಹಾಗಾಗಿ ವೆಲ್ಡಿಂಗ್ ಬದಲು ಒಂದೇ ತುಂಡಿನಿಂದ ಕಡೆಯಿಸಲು ನೋಡಿ, ಕೀಲು ಬಿಚ್ಚುವಂತಿರಲಿ, ಕೊನೆಗೆ ಪಾಲಿಶ್ ಮಾಡಿ ಸಿಟ್ರಿಕ್ ಅಥವಾ ನೈಟ್ರಿಕ್ ಆಮ್ಲದಲ್ಲಿ ಪ್ಯಾಸಿವೇಶನ್ (ಮೇಲ್ಮೈಯನ್ನು ತುಕ್ಕು ತಡೆಯುವಂತೆ ಮಾಡುವ ಕ್ರಿಯೆ) ಮಾಡಿಸಿ. ಕೈಗಾರಿಕಾ ಪ್ರದೇಶದ ಯಾವುದಾದರೂ ಕಾರ್ಖಾನೆಯಲ್ಲಿ ಇದು ಆಗುತ್ತದೆ. ಆಮೇಲೆ ರೋಗಿಯ ಬಳಿಗೆ ಒಯ್ಯದೆ, ನೂರಾರು ಸಲ ತೆರೆದು ಮುಚ್ಚಿ, ಮತ್ತೆ ಮತ್ತೆ ಆಟೋಕ್ಲೇವ್ ಮಾಡಿ ನೋಡಿ. ಹಲ್ಲು ಜಾರಿತೇ, ಸ್ಪ್ರಿಂಗ್ ಸೋತಿತೇ, ಚುಕ್ಕೆ ಕಂಡಿತೇ? ಗಾಯದೊಳಗೆ ಒಂದು ತಿರುಪು ಕಳಚಿ ಬಿದ್ದರೆ ಎಕ್ಸ್‌ರೇ ತೆಗೆದು ಹುಡುಕಬೇಕಾಗುತ್ತದೆ.

ಉಪಕರಣಕ್ಕೇ ಇಷ್ಟು ಎಚ್ಚರ ಬೇಕಾದರೆ, ದೇಹದಲ್ಲಿ ಬಿಟ್ಟು ಬರುವ ವಸ್ತುವಿಗೆ ಎಷ್ಟು ಬೇಕು ಎಂಬುದಕ್ಕೆ ಒಬ್ಬರ ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ ಇಂದಿನ ಸೊಂಟದ ಕೀಲು ಬದಲಾವಣೆಯ ಜನಕ. ಐವತ್ತರ ದಶಕದ ಕೊನೆಯಲ್ಲಿ ಅವರು ಕೀಲಿನ ಬಟ್ಟಲಿಗೆ ಆರಿಸಿದ್ದು ಟೆಫ್ಲಾನ್: ಜಾರುತ್ತದೆ, ದೇಹಕ್ಕೆ ಒಗ್ಗುತ್ತದೆ ಎಂಬ ಲೆಕ್ಕ. ನೋವಿನಲ್ಲಿ ಒದ್ದಾಡುತ್ತಿದ್ದವರು ಎದ್ದು ನಡೆದರು. ಮೊದಲ ತಿಂಗಳುಗಳಲ್ಲಿ ಯಾರಾದರೂ ‘ಚೆನ್ನಾಗಿದೆಯೇ’ ಎಂದು ಕೇಳಿದ್ದರೆ ಎಲ್ಲರೂ ಕೈ ಮುಗಿಯುತ್ತಿದ್ದರು. ಎರಡು ಮೂರು ವರ್ಷಗಳಲ್ಲಿ ಟೆಫ್ಲಾನ್ ಸವೆಯಿತು, ಸವೆದ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿತು, ಕೀಲುಗಳು ಸಡಿಲವಾದವು. ಸುಮಾರು ಮುನ್ನೂರು ರೋಗಿಗಳು. ಚಾರ್ನ್‌ಲಿ ಮರೆಮಾಚಲಿಲ್ಲ, ತಾವೇ ಅವರಿಗೆ ಮರುಶಸ್ತ್ರಕ್ರಿಯೆ ಮಾಡುತ್ತ ಹೋದರು. ವಸ್ತು ದೇಹದಲ್ಲಿ ಹೇಗೆ ವರ್ತಿಸುತ್ತದೆ ಎಂದು ತಿಳಿಯಲು ಅದನ್ನು ತಮ್ಮ ತೊಡೆಗೇ ಸೇರಿಸಿಕೊಂಡು ನೋಡಿದರು. ಇದನ್ನು ನೀವು ಅನುಕರಿಸಬೇಕಿಲ್ಲ.

ಮುಂದೆ ನಡೆದದ್ದು ಇನ್ನೂ ಸ್ವಾರಸ್ಯ. 1962ರಲ್ಲಿ ಪ್ಲಾಸ್ಟಿಕ್ ಮಾರುವವನೊಬ್ಬ ಲ್ಯಾಂಕಾಷೈರಿನ ಮಗ್ಗಗಳ ಗಿಯರಿಗೆ ಬಳಸುವ ಒಂದು ಪಾಲಿಎಥಿಲೀನ್ ತುಂಡನ್ನು ತಂದ. ಚಾರ್ನ್‌ಲಿ ಉಗುರಿನಲ್ಲಿ ಒತ್ತಿ ನೋಡಿ, ಇದು ಸಮಯ ಹಾಳು ಎಂದರು. ಅವರ ಕಾರ್ಯಾಗಾರದ ಹ್ಯಾರಿ ಕ್ರೇವನ್ ಮಾತ್ರ ಸಾಹೇಬರು ಊರಲ್ಲಿಲ್ಲದಾಗ ಅದನ್ನು ಸವೆತದ ಯಂತ್ರಕ್ಕೆ ಹಾಕಿದ. ಯಂತ್ರ ವಾರಗಟ್ಟಲೆ ಓಡಿದರೂ ಸವೆತ ಅತ್ಯಲ್ಪ. ಟೆಫ್ಲಾನ್ ಒಂದು ದಿನದಲ್ಲಿ ಅದಕ್ಕಿಂತ ಹೆಚ್ಚು ಸವೆಯುತ್ತಿತ್ತು. ಆ ವರ್ಷದ ನವೆಂಬರಿನಿಂದ ರೋಗಿಗಳಲ್ಲಿ ಬಳಕೆ ಶುರುವಾಯಿತು. ಕಹಿ ಉಂಡಿದ್ದ ಚಾರ್ನ್‌ಲಿ ಈ ಸಲ ಅವಸರಪಡಲಿಲ್ಲ. ತಮ್ಮ ಬಳಿ ಬಂದು ಕಲಿತ ಸರ್ಜನ್ನರಿಗೆ ಮಾತ್ರ ಕೀಲನ್ನು ಮಾರಬೇಕೆಂದು ತಯಾರಕರಿಗೆ ಕಟ್ಟಳೆ ಹಾಕಿ ವರ್ಷಗಟ್ಟಲೆ ತಡೆದಿಟ್ಟರು. ರೋಗಿ ತೀರಿಕೊಂಡ ಬಳಿಕ ಕೀಲನ್ನು ಹಿಂಪಡೆದು ಪರೀಕ್ಷಿಸಲು ಒಪ್ಪಿಗೆಯನ್ನೂ ಪಡೆದಿಡುತ್ತಿದ್ದರು. ಆವಿಷ್ಕಾರಕ ಎಂಬ ಪದವಿ ನನ್ನ ಮಟ್ಟಿಗೆ ಅವರಿಗೆ ಸಲ್ಲುವುದು 1962ರ ಪ್ಲಾಸ್ಟಿಕ್ಕಿಗಿಂತ ಹೆಚ್ಚಾಗಿ ಈ ತಡೆಗೆ.

ಅದೇ ಜಾತಿಯ ಪ್ಲಾಸ್ಟಿಕ್ ಮೂರು ದಶಕಗಳ ಬಳಿಕ ತಿರುವನಂತಪುರದಲ್ಲಿ ಮತ್ತೆ ಕೈಹಿಡಿಯಿತು. ಶ್ರೀ ಚಿತ್ರಾ ಸಂಸ್ಥೆಯ ಹೃದಯ ಸರ್ಜನ್ ಎಂ. ಎಸ್. ವಲಿಯತ್ತಾನ್, ಮುಂದೆ ಮಣಿಪಾಲದಲ್ಲಿ ಕುಲಪತಿಯಾಗಿದ್ದವರು, ಆಮದು ಕವಾಟಕ್ಕೆ ದುಡ್ಡಿಲ್ಲದ ರೋಗಿಗಳನ್ನು ನೋಡಿ ನೋಡಿ ಸ್ವದೇಶಿ ಹೃದಯ ಕವಾಟಕ್ಕೆ ಕೈ ಹಾಕಿದರು. ಒಂದು ಮಾದರಿ ಕೆಟ್ಟಿತು, ಎರಡನೆಯದೂ ಕೆಟ್ಟಿತು. ಮೂರನೆಯದರಲ್ಲಿ ಕವಾಟದ ಬಿಲ್ಲೆ ಕೃತಕ ನೀಲಮಣಿಯದು. ಯಂತ್ರದ ಪರೀಕ್ಷೆಗಳಲ್ಲಿ ಗೆದ್ದಿತ್ತು, ಕುರಿಯ ಎದೆಯಲ್ಲಿ ಬಿಲ್ಲೆ ಒಡೆದು ಕುರಿ ಸತ್ತಿತು. ನಾಲ್ಕನೆಯದರಲ್ಲಿ ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟಿಗೆ ಅತಿ ಹೆಚ್ಚಿನ ಅಣುತೂಕದ ಪಾಲಿಎಥಿಲೀನ್ ಬಿಲ್ಲೆ ಹಾಕಿದರು. ಯಂತ್ರದಲ್ಲಿ ಕೋಟಿಗಟ್ಟಲೆ ಸಲ ತೆರೆದು ಮುಚ್ಚಿ, ಪ್ರಾಣಿಗಳಲ್ಲಿ ನೋಡಿ, ಸಮಿತಿಯ ಒಪ್ಪಿಗೆ ಪಡೆದು, 1990ರ ಡಿಸೆಂಬರ್ 6ರಂದು ಮೊದಲ ರೋಗಿಗೆ ಅಳವಡಿಸಿದರು. ಇಂದು ಟಿಟಿಕೆ ಕಂಪನಿ ತಯಾರಿಸುವ ಆ ಕವಾಟ ಲಕ್ಷಕ್ಕೂ ಹೆಚ್ಚು ಜನರ ಎದೆ ಸೇರಿದೆ. ಆ ಮೂರನೆಯ ಮಾದರಿಯನ್ನು ಕುರಿಗೆ ಹಾಕದೆ ನೇರ ರೋಗಿಗೆ ಹಾಕಿದ್ದರೆ ಏನಾಗುತ್ತಿತ್ತು? ಇಂಥದ್ದನ್ನು ಮಾಡಿದವರೂ ಇದ್ದಾರೆ. ಇಟಲಿಯ ಪಾವೊಲೊ ಮಕ್ಕಿಯಾರಿನಿ 2011ರಿಂದ ಸ್ವೀಡನ್ನಿನಲ್ಲಿ ರೋಗಿಗಳಿಗೆ ಪ್ಲಾಸ್ಟಿಕ್ ಶ್ವಾಸನಾಳ ಹಾಕಿದರು, ಜಗತ್ತು ಹೊಗಳಿತು, ರೋಗಿಗಳು ಸತ್ತರು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷ ಜೈಲು ವಿಧಿಸಿತು.

ಈಗ ಸೊಳ್ಳೆಪರದೆಗೆ ಬರುತ್ತೇನೆ. ನೀವು ಓದಿದ್ದು ಸುಳ್ಳಲ್ಲ. ಮಹಾರಾಷ್ಟ್ರದ ಧುಳೆ ಜಿಲ್ಲೆಯ ದೊಂಡಾಯಿಚಾದ ಗ್ರಾಮೀಣ ಸರ್ಜನ್ ಆರ್. ಆರ್. ಟೋಂಗಾಂವ್ಕರ್ ಮತ್ತು ಅವರ ಸಂಗಡಿಗರು ಸೊಳ್ಳೆಪರದೆಯ ಬಟ್ಟೆಯನ್ನು ಕತ್ತರಿಸಿ, ಸ್ಟೆರೈಲ್ ಮಾಡಿ, ಹರ್ನಿಯಾಗೆ ಬಳಸಿ, ಹಲವು ಊರುಗಳ ನೂರಾರು ರೋಗಿಗಳ ಫಲಿತಾಂಶವನ್ನು 2003ರಲ್ಲಿ ಪ್ರಕಟಿಸಿದರು. ಪ್ರಕಟಿಸಿದರು ಎಂಬುದನ್ನು ಗಮನಿಸಿ: ಸೋಂಕು ಎಷ್ಟು ಜನರಿಗೆ, ಮರುಕಳಿಸಿದ್ದು ಎಷ್ಟು ಜನರಿಗೆ ಎಂದು ಬರೆದರು. ಹಾಗೆ ಬರೆದದ್ದರಿಂದಲೇ ಬೇರೆ ದೇಶದವರು ಅದನ್ನು ಕೈಗೆತ್ತಿಕೊಂಡರು. 2016ರಲ್ಲಿ ಸ್ವೀಡನ್ ಮತ್ತು ಉಗಾಂಡಾದ ಸಂಶೋಧಕರು ಪೂರ್ವ ಉಗಾಂಡಾದ 302 ಪುರುಷರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಕಂಪನಿಯ ಮೆಶ್, ಇನ್ನೊಂದಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಯ ಸೊಳ್ಳೆಪರದೆ ಹಾಕಿ ಒಂದು ವರ್ಷ ಹಿಂಬಾಲಿಸಿದ ಪ್ರಯೋಗ ಪ್ರಕಟವಾಯಿತು. ಸೊಳ್ಳೆಪರದೆಯ ಗುಂಪಿನಲ್ಲಿ ಒಬ್ಬರಿಗೆ ಹರ್ನಿಯಾ ಮರಳಿತು, ಇನ್ನೊಂದರಲ್ಲಿ ಯಾರಿಗೂ ಇಲ್ಲ. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂಬುದು ತೀರ್ಮಾನ. ಭಾರತದ ಹಳ್ಳಿಯೊಂದರ ಯೋಚನೆ ವೈದ್ಯಲೋಕದ ಅತ್ಯಂತ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಒಂದನ್ನು ತಲುಪಲು ಹದಿಮೂರು ವರ್ಷ ಬೇಕಾಯಿತು.

ಹಾಗಾದರೆ ನನ್ನ ಆಕ್ಷೇಪವೇನು? ಆ ಪ್ರಯೋಗದಲ್ಲಿ ಬಳಸಿದ್ದು ಒಂದು ನಿರ್ದಿಷ್ಟ ಬಟ್ಟೆ, ಗೊತ್ತಾದ ಪಾಲಿಮರ್, ಗೊತ್ತಾದ ತೂಕ, ಗೊತ್ತಾದ ರಂಧ್ರ. ಸಂತೆಯಲ್ಲಿ ಸಿಗುವ ಪರದೆ ನೈಲಾನ್ ಇರಬಹುದು, ಪಾಲಿಯೆಸ್ಟರ್ ಇರಬಹುದು, ಪಾಲಿಎಥಿಲೀನ್ ಇರಬಹುದು, ಮಾರುವವನಿಗೂ ಗೊತ್ತಿರುವುದಿಲ್ಲ. ಸರ್ಕಾರ ಹಂಚುವ ಪರದೆಗಳಿಗಂತೂ ಕೀಟನಾಶಕ ಲೇಪಿಸಿರುತ್ತಾರೆ. ಅದನ್ನು ದೇಹದೊಳಗೆ ಹೊಲಿಯುವ ಯೋಚನೆಯೇ ಭಯಾನಕ. ಪಾಲಿಎಥಿಲೀನ್ ಬಿಸಿಗೆ ಮೃದು. 121 ಡಿಗ್ರಿಯ ಆಟೋಕ್ಲೇವ್ ಆವರ್ತವನ್ನು ತಾಳುವ ಬಟ್ಟೆ 134 ಡಿಗ್ರಿಯಲ್ಲಿ ಮುದುಡಬಹುದು, ಬಲ ಕಳೆದುಕೊಳ್ಳಬಹುದು. ನಿಮ್ಮ ಆಸ್ಪತ್ರೆಯ ಆಟೋಕ್ಲೇವ್ ಯಾವ ಉಷ್ಣತೆಯಲ್ಲಿ ಓಡುತ್ತದೆ, ಅದರ ಮೀಟರ್ ಸರಿಯಿದೆಯೇ? ಇದಕ್ಕೆಲ್ಲ ಉತ್ತರ ಸಿಕ್ಕರೂ ಕಾನೂನಿನ ಬಾಗಿಲು ಉಳಿದೇ ಇರುತ್ತದೆ. ಅಷ್ಟಕ್ಕೂ ಈಗ ದೇಶದಲ್ಲೇ ತಯಾರಾಗುವ ಪಾಲಿಪ್ರೊಪಿಲೀನ್ ಮೆಶ್ ಆಮದು ಮಾಲಿಗಿಂತ ಬಹಳ ಅಗ್ಗ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಹರ್ನಿಯಾ ಪ್ಯಾಕೇಜಿನಲ್ಲಿ ಅದರ ವೆಚ್ಚ ಹೇಗೆ ಸೇರಿದೆ ಎಂದು ನಿಮ್ಮ ಕಚೇರಿಯಲ್ಲಿ ಮೊದಲು ವಿಚಾರಿಸಿ. ಒಂದು ಇಂಡೆಂಟ್ (ಸಾಮಗ್ರಿ ಬೇಡಿಕೆ ಪತ್ರ) ಬರೆದರೆ ಬಗೆಹರಿಯುವ ಸಮಸ್ಯೆಗೆ ಆವಿಷ್ಕಾರ ಬೇಕಿಲ್ಲ.

ಕಾನೂನನ್ನು ಬೇಗ ಹೇಳಿ ಮುಗಿಸುತ್ತೇನೆ. ವೈದ್ಯಕೀಯ ಸಾಧನಗಳ ನಿಯಮಗಳು, 2017 ಸಾಧನಗಳನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತವೆ. 2020ರ ಏಪ್ರಿಲ್‌ನಿಂದ ಎಲ್ಲ ಸಾಧನಗಳೂ ಅದರ ವ್ಯಾಪ್ತಿಗೆ ಬಂದಿವೆ. ಕೈಯಲ್ಲಿ ಬಳಸಿ ತೊಳೆದಿಡುವ ರಿಟ್ರ್ಯಾಕ್ಟರಿನಂಥವು ಕಡಿಮೆ ಅಪಾಯದ ಎ ವರ್ಗ. ಮಾರಾಟಕ್ಕೆ ಇಳಿದರೆ ನೋಂದಣಿ ಬೇಕು, ಅದು ದೊಡ್ಡ ತೊಡಕಲ್ಲ. ದೇಹದಲ್ಲಿ ದೀರ್ಘಕಾಲ ಉಳಿಯುವ ವಸ್ತುಗಳು ಸಿ ಅಥವಾ ಡಿ. ಅವಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ, ನೋಂದಾಯಿತ ಎಥಿಕ್ಸ್ ಕಮಿಟಿಯ ಒಪ್ಪಿಗೆ, ವಿಧಿವತ್ತಾದ ಕ್ಲಿನಿಕಲ್ ತನಿಖೆ ಎಲ್ಲವೂ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಎಥಿಕ್ಸ್ ಕಮಿಟಿ ಇರುವುದಿಲ್ಲ; ಹತ್ತಿರದ ವೈದ್ಯಕೀಯ ಕಾಲೇಜಿನ ಸರ್ಜರಿ ವಿಭಾಗದವರನ್ನು ಜೊತೆಗೂಡಿಸಿಕೊಳ್ಳಿ. ರಿಟ್ರ್ಯಾಕ್ಟರಿನ ಅಧ್ಯಯನಕ್ಕೂ ಇದೇ ದಾರಿ.

ಪೇಟೆಂಟ್ ಬಗ್ಗೆ: ನಮ್ಮ 1970ರ ಕಾಯ್ದೆಯ ಸೆಕ್ಷನ್ 3(ಐ) ಪ್ರಕಾರ ಶಸ್ತ್ರಕ್ರಿಯೆಯ ವಿಧಾನಕ್ಕೆ ಪೇಟೆಂಟ್ ಇಲ್ಲ. ಹೊಲಿಗೆ ಹಾಕುವ ಹೊಸ ರೀತಿ ಕಂಡುಹಿಡಿದರೆ ಅದು ಎಲ್ಲರ ಸ್ವತ್ತು, ಅದು ಹಾಗೇ ಇರಬೇಕು. ಉಪಕರಣಕ್ಕೆ ಸಿಗಬಹುದು, ಅದು ನಿಜಕ್ಕೂ ಹೊಸದಾಗಿದ್ದರೆ. ಅರ್ಜಿ ಹಾಕುವ ಮೊದಲು ನೀವೇ ಅದನ್ನು ಬಹಿರಂಗಪಡಿಸಿದರೆ ಹೊಸತನ ಹೋಯಿತು. ಸರ್ಜನ್ನರ ವಾಟ್ಸ್ಆ್ಯಪ್ ಗುಂಪಿಗೆ ವಿಡಿಯೊ ಹಾಕುವುದು, ಸಮ್ಮೇಳನದಲ್ಲಿ ಪೋಸ್ಟರ್ ತೂಗುಹಾಕುವುದು, ಜಿಲ್ಲಾ ಪತ್ರಿಕೆಯಲ್ಲಿ ಫೋಟೊ ಬರುವುದು, ಇವೆಲ್ಲ ಬಹಿರಂಗಪಡಿಸುವುದೇ. ವಿನಾಯಿತಿಗಳಿವೆ, ತೀರ ಸೀಮಿತ. ಅವನ್ನು ನಂಬಿ ಕೂರಬೇಡಿ. ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೆ ಪೂರ್ಣ ವಿವರಣೆಗೆ 12 ತಿಂಗಳು ಸಿಗುತ್ತದೆ. ನೀವು ಸರ್ಕಾರಿ ನೌಕರರು, ಇಲಾಖೆಯ ಲಿಖಿತ ಅನುಮತಿ ಮೊದಲು. ಹಣ ಬೇಕಾದರೆ ಕೇಂದ್ರದ ಜೈವಿಕ ತಂತ್ರಜ್ಞಾನ ನೆರವಿನ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆ 50 ಲಕ್ಷ ರೂಪಾಯಿವರೆಗೆ ನೆರವು ಕೊಡುತ್ತದೆ. ಒಂದು ರಿಟ್ರ್ಯಾಕ್ಟರಿಗೆ ಅಷ್ಟು ಬೇಕಾಗಿಲ್ಲ ಎಂಬುದು ನನ್ನ ಅನಿಸಿಕೆ.

ಅರ್ಜಿಯಲ್ಲಿ ಆವಿಷ್ಕಾರಕರ ಹೆಸರಿನ ಜಾಗದಲ್ಲಿ ಯಾರನ್ನು ಬರೆಯುತ್ತೀರಿ? ನಿಮ್ಮ ಪತ್ರದಲ್ಲಿ ಲೇತ್ ಅಂಗಡಿಯವರಿಗೆ ಅರ್ಧ ಸಾಲು ಸಿಕ್ಕಿದೆ. ನೀವು ಚಿತ್ರ ಬರೆದುಕೊಟ್ಟು ಅವರು ಹಾಗೆಯೇ ಕಡೆದುಕೊಟ್ಟಿದ್ದರೆ ಸರಿ. ‘ಡಾಕ್ಟ್ರೇ, ಹಲ್ಲು ಈ ಕಡೆ ಇಟ್ಟರೆ ಜಾರುವುದಿಲ್ಲ’ ಎಂದು ಅವರು ಹೇಳಿದ್ದೇ ಉಪಕರಣದ ಜೀವಾಳವಾಗಿದ್ದರೆ ಅವರೂ ಆವಿಷ್ಕಾರಕರು. ಇದು ಔದಾರ್ಯವಲ್ಲ, ಕಾನೂನು. ಜೈಪುರ ಕಾಲಿನ ಕಥೆ ನೆನಪಿಸಿಕೊಳ್ಳಿ. 1968ರಲ್ಲಿ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರೂಪುಗೊಂಡ ಆ ರಬ್ಬರ್ ಪಾದದಲ್ಲಿ ಚಕ್ಕಳಮಕ್ಕಳ ಹಾಕಿ ಕೂರಬಹುದು, ಗದ್ದೆಯ ಕೆಸರಿನಲ್ಲಿ ಬರಿಗಾಲಲ್ಲಿ ನಡೆಯಬಹುದು. ವಿದೇಶಿ ಕೃತಕ ಪಾದಗಳಲ್ಲಿ ಇದು ಆಗುತ್ತಿರಲಿಲ್ಲ. ಮೂಳೆ ಸರ್ಜನ್ ಪಿ. ಕೆ. ಸೇಠಿ ಅವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಯೋಗ್ಯವಾಗಿಯೇ ಬಂತು. ಅಚ್ಚು ಹಾಕಿ, ರಬ್ಬರ್ ಬೇಯಿಸಿ, ಪಾದಕ್ಕೆ ಪಾದದ ರೂಪ ಕೊಟ್ಟ ಕುಶಲಕರ್ಮಿ ರಾಮಚಂದ್ರ ಶರ್ಮ ಹೆಚ್ಚು ಓದಿದವರಲ್ಲ. ಆ ಪ್ರಶಸ್ತಿಯಲ್ಲಿ ಅವರ ಹೆಸರಿರಲಿಲ್ಲ. ಅವರಿಬ್ಬರೂ ಪಾದಕ್ಕೆ ಪೇಟೆಂಟ್ ಮಾಡಿಸಲಿಲ್ಲ. ಹಾಗಾಗಿಯೇ ಅದು ಆಫ್ರಿಕಾದ ತನಕ ಹೋಯಿತು. ಹ್ಯಾರಿ ಕ್ರೇವನ್ ಹೆಸರನ್ನಾದರೂ ಎಷ್ಟು ಮೂಳೆ ಸರ್ಜನ್ನರು ಕೇಳಿದ್ದಾರೆ?

ಇನ್ನು ಲೆಕ್ಕದ ಮಾತು. ಇದನ್ನು ಕೊನೆಗೆ ಇಟ್ಟದ್ದು ನೀವು ಸೋಮವಾರದಿಂದಲೇ ಮಾಡಬಹುದಾದ ಕೆಲಸ ಇದೊಂದೇ ಎಂಬ ಕಾರಣಕ್ಕೆ. ಸರ್ಜನ್ ತನ್ನ ಫಲಿತಾಂಶವನ್ನು ತಾನೇ ಅಳೆದರೆ ಏನಾಗುತ್ತದೆ ಎಂಬುದಕ್ಕೆ ಐವತ್ತರ ದಶಕದ ಒಂದು ಪ್ರಸಂಗವಿದೆ. ಎದೆಯ ಒಳಗೋಡೆಯ ಎರಡು ರಕ್ತನಾಳಗಳನ್ನು ಕಟ್ಟಿದರೆ ಹೃದಯಕ್ಕೆ ಹೆಚ್ಚು ರಕ್ತ ಹರಿದು ಆಂಜೈನಾ ಎಂಬ ಎದೆನೋವು ಇಳಿಯುತ್ತದೆ ಎಂದು ನಂಬಿ ಶಸ್ತ್ರಕ್ರಿಯೆ ಮಾಡಿದರು. ರೋಗಿಗಳು ನೋವು ಕಡಿಮೆಯಾಯಿತು ಎಂದರು, ಸರ್ಜನ್ನರು ನಂಬಿದರು, ಪತ್ರಿಕೆಗಳು ಬರೆದವು. ಆಮೇಲೆ 1959 ಮತ್ತು 1960ರಲ್ಲಿ ಅಮೆರಿಕದ ಎರಡು ತಂಡಗಳು, ಒಂದು 17 ರೋಗಿಗಳಲ್ಲಿ, ಇನ್ನೊಂದು 18 ರೋಗಿಗಳಲ್ಲಿ, ಕೆಲವರಿಗೆ ನಾಳ ಕಟ್ಟಿ, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದು ನೋಡಿದವು. ಬರೀ ಚರ್ಮ ಕೊಯ್ದವರಿಗೂ ಅಷ್ಟೇ ಸುಧಾರಣೆ! ಆ ಶಸ್ತ್ರಕ್ರಿಯೆ ಅಲ್ಲಿಗೆ ಮುಗಿಯಿತು. ಅಷ್ಟೆಲ್ಲ ಸರ್ಜನ್ನರ ಅನುಭವವನ್ನು 35 ರೋಗಿಗಳ ಲೆಕ್ಕ ಮುಗಿಸಿತು.

ಹಾಗಾಗಿ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬರೆಯುವ ಕೆಲಸವನ್ನು ಓಟಿ ಸ್ಟಾಫ್ ನರ್ಸಿಗೆ ಒಪ್ಪಿಸಿ, ನೀವು ಬರೆಯಬೇಡಿ. ಇನ್ನು ಮುಂದೆ ಬರುವ ಪ್ರತಿಯೊಂದು ಹರ್ನಿಯಾವೂ ಅದರಲ್ಲಿ ಸಾಲಾಗಿ ಇರಬೇಕು, ನಿಮ್ಮ ರಿಟ್ರ್ಯಾಕ್ಟರ್ ಬಳಸಿದರೂ ಬಳಸದಿದ್ದರೂ. ಆರಿಸಿ ಬರೆದರೆ ಕೆಲಸಕ್ಕೆ ಬಾರದು. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಸಲ ಜಾರಿತು, ಮಧ್ಯೆ ತೆಗೆದು ಹಳೆಯದನ್ನು ಹಿಡಿದಿರಾ, ಹತ್ತನೆಯ ದಿನ ಗಾಯ ಹೇಗಿದೆ, ಒಂದು ತಿಂಗಳಿಗೆ ಜೋಮು ಅಥವಾ ಉರಿ ಇದೆಯೇ. ಕೊನೆಯ ಎರಡನ್ನು ಆಶಾ ಕಾರ್ಯಕರ್ತೆ ಫೋನಿನಲ್ಲಿ ಕೇಳಿ ತಿಳಿಸಬಹುದು; ನೀವು ಕೇಳಿದರೆ ಊರಿನ ಜನ ಮರ್ಯಾದೆಗೆ ‘ಚೆನ್ನಾಗಿದೆ ಸಾರ್’ ಎನ್ನುತ್ತಾರೆ. 2009ರಲ್ಲಿ ಆಕ್ಸ್‌ಫರ್ಡಿನಲ್ಲಿ ಕಲೆತ ಸರ್ಜನ್ನರು, ಸಂಶೋಧಕರು ಐಡಿಯಲ್ ಎಂಬ ಹೆಸರಿನಲ್ಲಿ ಹೊಸ ಶಸ್ತ್ರಕ್ರಿಯೆಗಳಿಗೆ ಒಂದು ಮೆಟ್ಟಿಲಸಾಲು ಹಾಕಿಕೊಟ್ಟಿದ್ದಾರೆ: ಯೋಚನೆ, ತಿದ್ದುಪಡಿ, ಹಲವರ ಕೈಯಲ್ಲಿ ಪರಿಶೀಲನೆ, ಹೋಲಿಕೆಯ ಪ್ರಯೋಗ, ದೀರ್ಘಕಾಲದ ನಿಗಾ. ನೀವಿನ್ನೂ ಎರಡನೆಯದರಲ್ಲಿದ್ದೀರಿ. ಈ ಹಂತದಲ್ಲಿ ಉಪಕರಣವನ್ನು ತಿದ್ದುತ್ತಲೇ ಇರುತ್ತೀರಿ. ಪ್ರತಿ ತಿದ್ದುಪಡಿಗೂ ತಾರೀಕು ಹಾಕಿ, ಅದರ ಮುಂಚಿನ ರೋಗಿಗಳನ್ನೂ ಆಮೇಲಿನವರನ್ನೂ ಬೆರೆಸಬೇಡಿ.

ರೋಗಿಗೆ ಹೇಳದೆ ಬಳಸಬೇಡಿ. ಒಪ್ಪಿಗೆ ಪತ್ರದ ಕೆಳಗೆ ಕನ್ನಡದಲ್ಲಿ ಇಷ್ಟು ಸೇರಿಸಿದರೆ ಸಾಕು: ‘ಗಾಯವನ್ನು ಹಿಡಿದಿಡಲು ನಮ್ಮ ಆಸ್ಪತ್ರೆಯಲ್ಲೇ ರೂಪಿಸಿದ ಉಪಕರಣ ಬಳಸುತ್ತೇವೆ. ಇದು ಹೊಸದು. ಬೇಡವೆಂದರೆ ಎಂದಿನ ಉಪಕರಣದಲ್ಲೇ ಮಾಡುತ್ತೇವೆ, ಚಿಕಿತ್ಸೆಯಲ್ಲಿ ಬೇರೇನೂ ವ್ಯತ್ಯಾಸವಾಗುವುದಿಲ್ಲ.’ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಈಗಾಗಲೇ ಬಳಸಿರುವ ರೋಗಿಗಳ ಕೇಸ್ ಶೀಟ್ ಹೊರತೆಗೆಸಿ, ಅವರಿಗೂ ಕರೆ ಮಾಡಿಸಿ, ಅದೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ಅಲ್ಲಿಯವರೆಗೆ, ಈಗಿನ ಮಾದರಿಯಲ್ಲಿ ವೆಲ್ಡಿಂಗ್ ಇದ್ದರೆ, ಅದನ್ನು ಓಟಿಯಿಂದ ಹೊರಗಿಡಿ. ವೈದ್ಯಕೀಯ ಕಾಲೇಜಿಗೆ ಹೋಗುವಾಗ ಅದನ್ನೂ ನೋಟ್‌ಬುಕ್ಕನ್ನೂ ಲೇತ್ ಅಂಗಡಿಯವರನ್ನೂ ಜೊತೆಗೆ ಕರೆದೊಯ್ಯಿರಿ.